ಮೈಕ್ ಇಡುವ ಮೊದಲು ಕಿವಿ ಇಟ್ಟು ನೋಡಿ

ಮನೆಯಲ್ಲೇ ವಾದ್ಯಗಳನ್ನು ರೆಕಾರ್ಡ್ ಮಾಡುವವರು ತಮ್ಮ ತೊಡಕುಗಳನ್ನು ಬರೆದು ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ‘ಯಾವ ಮೈಕ್ ಕೊಳ್ಳಲಿ’ ಎಂಬವೇ. ಅವಕ್ಕೆಲ್ಲ ಮೊದಲ ಪತ್ರದ ಉತ್ತರವೇ ಉತ್ತರ. ಧಾರವಾಡದ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಕೈಯಾರೆ ಮಾಡಿ ನೋಡಿದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ನಲವತ್ತು ವರ್ಷಗಳಿಂದ ವೀಣೆ ನುಡಿಸುತ್ತಿದ್ದೇನೆ. ಮಗ ಒಂದು ಕಂಡೆನ್ಸರ್ ಮೈಕ್, ಎರಡು ಮೈಕುಗಳನ್ನು ಕಂಪ್ಯೂಟರಿಗೆ ಸೇರಿಸಬಹುದಾದ ಒಂದು ಇಂಟರ್‌ಫೇಸ್ ಪೆಟ್ಟಿಗೆ ತಂದುಕೊಟ್ಟಿದ್ದಾನೆ. ರೆಕಾರ್ಡ್ ಮಾಡಿ ಕೇಳಿದರೆ ಡಬ್ಬದೊಳಗೆ ಕೂತು ನುಡಿಸಿದ ಹಾಗಿದೆ. ಉಗುರಿನ ಟಕ್ ಟಕ್ ಮಾತ್ರ ಎದ್ದು ಕೇಳುತ್ತದೆ. ಇನ್ನೂ ಒಳ್ಳೆಯ ಮೈಕ್ ಬೇಕೇ? — ಓದುಗರು, ಮೈಸೂರು

ಬೇಡ ಅಮ್ಮ. ಇರುವ ಮೈಕ್ ಸಾಕು, ಅದರ ಜಾಗ ಬದಲಾಗಬೇಕು.

ಮೊದಲ ವರ್ಷ ನನಗೂ ಹೀಗೇ ಆಗಿತ್ತು. ಹಿರಿಯ ಸಿತಾರ್ ವಾದಕರೊಬ್ಬರು ಬಂದು ಕೂತಿದ್ದರು. ನಾದವೆಲ್ಲ ಬುರುಡೆಯಿಂದ ಬರುತ್ತದೆ ಎಂದುಕೊಂಡು ಬುರುಡೆಗೆ ನಾಲ್ಕೇ ಇಂಚು ದೂರದಲ್ಲಿ ಮೈಕ್ ನಿಲ್ಲಿಸಿದೆ. ಯಮನ್ ಮುಗಿಯಿತು, ಹೆಡ್‌ಫೋನ್ ಅವರ ಕಿವಿಗೆ ಕೊಟ್ಟೆ. ಅರ್ಧ ನಿಮಿಷ ಕೇಳಿ, ಹೆಡ್‌ಫೋನ್ ಮೆತ್ತಗೆ ಕೆಳಗಿಟ್ಟು, ‘ಇದು ನನ್ನ ಸಿತಾರ ಅಲ್ಲ ತಂಗಿ’ ಎಂದರು. ಸಿಟ್ಟಿರಲಿಲ್ಲ ಅವರಿಗೆ, ಬೇಸರವಿತ್ತು. ಆಮೇಲೆ ಅವರೇ ‘ಇಲ್ಲಿ ಬಂದು ಕೂಡು’ ಎಂದು ಎದುರಿಗೆ ಕೂರಿಸಿಕೊಂಡು ನುಡಿಸಿದರು. ಆ ಎರಡಡಿ ದೂರದಲ್ಲಿ ನನ್ನ ಕಿವಿಗೆ ಬಿದ್ದ ಸಿತಾರ್ ಬೇರೆ, ಮೈಕಿಗೆ ಬಿದ್ದಿದ್ದೇ ಬೇರೆ.

ಹಾಗೆ ಆಗಲು ಕಾರಣವಿದೆ. ವೀಣೆಯ ನಾದ ಒಂದೇ ತೂತಿನಿಂದ ಹೊರಬರುವುದಿಲ್ಲ. ತಂತಿಯ ನಡುಕ, ತಂತಿಗಳನ್ನು ಹೊತ್ತ ಕುದುರೆಯ ಮೂಲಕ ಕೊಡದ ಮೇಲಿನ ಹಲಗೆಗೆ ಇಳಿಯುತ್ತದೆ. ಹಲಗೆ, ಕೊಡ, ದಂಡಿ, ಒಳಗಿನ ಗಾಳಿ ಎಲ್ಲವೂ ಸೇರಿ ನುಡಿಯುತ್ತವೆ. ಹಲಗೆಯ ಹತ್ತಿರ ಹೆಚ್ಚು ಮಂದ್ರ, ಕುದುರೆಯ ಹತ್ತಿರ ಹೆಚ್ಚು ಝೇಂಕಾರ, ಮೀಟುವ ಬೆರಳಿನ ಹತ್ತಿರ ಉಗುರು. ಇವೆಲ್ಲ ಬೆರೆತು ಒಂದಾಗಲು ಒಂದಿಷ್ಟು ದೂರ ಬೇಕು. ಅದರ ಮೇಲೆ, ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಜಾತಿಯ ಮೈಕುಗಳಿಗೆ ಒಂದು ಗುಣವಿದೆ: ತೀರ ಹತ್ತಿರವಿಟ್ಟರೆ ಮಂದ್ರವನ್ನು ಉಬ್ಬಿಸುತ್ತವೆ. ನಿಮ್ಮ ‘ಡಬ್ಬ’ ಅಲ್ಲಿಂದ ಬಂದಿದೆ.

ಹೀಗೆ ಮಾಡಿ. ನಿಮ್ಮ ಶಿಷ್ಯೆಯೊಬ್ಬಳಿಗೆ ವೀಣೆ ಕೊಟ್ಟು ಮೋಹನವನ್ನೋ ಕಲ್ಯಾಣಿಯನ್ನೋ ನಿಧಾನವಾಗಿ ನುಡಿಸಲು ಹೇಳಿ. ನೀವು ಎದುರಿಗೆ ಕೂತು, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು, ಇನ್ನೊಂದು ಕಿವಿಯನ್ನು ಕುದುರೆಯ ಎದುರಿನಿಂದ ದಂಡಿಯ ಮೇಲಿನ ಕೊನೆಯ ಮೆಟ್ಟಿಲುಗಳ (ಸ್ವರದ ಅಡ್ಡಪಟ್ಟಿಗಳ) ಕಡೆಗೆ ನಿಧಾನವಾಗಿ ಸರಿಸಿ. ಮೈಕಿಗೂ ಒಂದೇ ಕಿವಿ, ಅದಕ್ಕೇ ಒಂದನ್ನು ಮುಚ್ಚುವುದು. ‘ಹ್ಞಾ, ಇದೇ ನನ್ನ ವೀಣೆ’ ಎನಿಸುವ ಜಾಗ ಒಂದು ಸಿಕ್ಕೇ ಸಿಗುತ್ತದೆ. ಸಾಮಾನ್ಯವಾಗಿ ಅದು ಹಲಗೆಯಿಂದ ಒಂದರಿಂದ ಒಂದೂವರೆ ಅಡಿ ದೂರ, ಸ್ವಲ್ಪ ಮೇಲೆ, ಕುದುರೆಗೂ ಕೊನೆಯ ಮೆಟ್ಟಿಲಿಗೂ ನಡುವೆ ಇರುತ್ತದೆ. ಆದರೆ ಪ್ರತಿ ವೀಣೆಗೂ ಅದರದೇ ಬಾಯಿ ಇರುವುದರಿಂದ ನನ್ನ ಅಂಗುಲದ ಲೆಕ್ಕಕ್ಕಿಂತ ನಿಮ್ಮ ಕಿವಿಯನ್ನು ನಂಬಿ. ಕಿವಿ ಇದ್ದ ಜಾಗದಲ್ಲೇ ಮೈಕ್ ನಿಲ್ಲಿಸಿ.

ಇನ್ನೊಂದು ಮಾತು. ನಿಮಗೆ ನಿಮ್ಮ ವೀಣೆ ಕೇಳುವುದು ಮೇಲಿನಿಂದ, ಎದೆಯ ಹತ್ತಿರದಿಂದ, ತೊಡೆಗೆ ತಾಗಿದ ಕೊಡದ ನಡುಕದ ಜೊತೆಗೆ. ಅದನ್ನು ಯಾವ ಮೈಕೂ ಹಿಡಿಯದು. ಆದ್ದರಿಂದ ಜಾಗ ಹುಡುಕುವಾಗ ಬೇರೆಯವರೇ ನುಡಿಸಲಿ, ನೀವು ಕೇಳುಗರಾಗಿ.

ಉಗುರಿನ ಸದ್ದು ಈ ದೂರದಲ್ಲಿ ತಾನಾಗಿ ತಗ್ಗುತ್ತದೆ. ಎಡಗೈ ಬೆರಳು ತಂತಿಯ ಮೇಲೆ ಜಾರುವಾಗ ಬರುವ ಕಿರ್ ಸದ್ದಿಗೆ ನಿಮ್ಮ ಎಣ್ಣೆಬಟ್ಟಲೇ ಮದ್ದು. ಕಚೇರಿಗೆ ಕೂರುವಾಗ ಹಚ್ಚುವುದಕ್ಕಿಂತ ಪದೇಪದೇ, ಸ್ವಲ್ಪ ಸ್ವಲ್ಪ ಹಚ್ಚಿಕೊಳ್ಳಿ. ಆದರೆ ಅದನ್ನು ಪೂರ್ತಿ ಅಳಿಸಲು ಹೋಗಬೇಡಿ. ಜಾರುವಿನಲ್ಲಿ ಬೆರಳು ತಂತಿಯನ್ನು ಮುಟ್ಟುತ್ತಿದೆ ಎಂದು ಕೇಳುಗನಿಗೆ ಗೊತ್ತಾಗುವುದು ಆ ಸದ್ದಿನಿಂದಲೇ. ನನಗೆ ಅದು ಬೇಕು.

ರೆಕಾರ್ಡಿಂಗ್ ಮಟ್ಟ ಎಷ್ಟಿರಬೇಕೆಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ನೀವು ಅತಿ ಜೋರಾಗಿ ಮೀಟಿದಾಗ ಮೀಟರು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಂತರೆ ಸಾಕು. ಮೀಟರಿನ ತುತ್ತತುದಿಯಾದ ಸೊನ್ನೆಯ ಹತ್ತಿರ ತರಬೇಕೆಂಬುದು ಟೇಪಿನ ಕಾಲದ ಅಭ್ಯಾಸ. ಆಗ ಮೆಲ್ಲಗೆ ರೆಕಾರ್ಡ್ ಮಾಡಿದರೆ ಟೇಪಿನ ಹಿಸ್ ಸದ್ದು ಮೇಲೆ ಬರುತ್ತಿತ್ತು. ಈಗ ಆ ಭಯವಿಲ್ಲ. ಸೊನ್ನೆ ದಾಟಿ ಒಡೆದ ಸ್ವರವನ್ನು ಮಾತ್ರ ಯಾವ ತಂತ್ರಾಂಶವೂ ಮೊದಲಿನಂತೆ ಮಾಡಿಕೊಡದು.

ಪ್ರಶ್ನೆ: ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದೇನೆ. ಪಕ್ಕದ ಮನೆಯ ಮಿಕ್ಸಿ ಸದ್ದು ಇನ್ನೂ ಬರುತ್ತಿದೆ, ತಬಲಾದ ಡಗ್ಗಾ (ಎಡಗೈಯ ಮಂದ್ರದ ಭಾಗ) ಗುಂಯ್‌ಗುಡುತ್ತದೆ. ಇನ್ನೊಂದು ಪದರ ಹಾಕಲೇ? — ಓದುಗ, ದಾವಣಗೆರೆ

ಟ್ರೇಗಳನ್ನು ಕಿತ್ತುಬಿಡಿ. ತೆಳು ರಟ್ಟು ಸದ್ದನ್ನು ತಡೆಯುವುದೂ ಇಲ್ಲ, ಮಂದ್ರವನ್ನು ಹೀರುವುದೂ ಇಲ್ಲ, ಬೆಂಕಿಯ ಅಪಾಯ ಬೇರೆ. ಹೊರಗಿನ ಸದ್ದು ತಡೆಯಲು ತೂಕ ಬೇಕು, ಸಂದಿಯಿಲ್ಲದ ಬಾಗಿಲು ಬೇಕು. ಅಷ್ಟು ಖರ್ಚು ಮಾಡುವ ಬದಲು ಮಿಕ್ಸಿ ತಿರುಗದ ಹೊತ್ತಿನಲ್ಲಿ ರೆಕಾರ್ಡ್ ಮಾಡಿ. ನಾನು ಬೆಳಗಿನ ಜಾವ ನಾಲ್ಕೂವರೆಗೆ ಶುರು ಮಾಡಿ ಹಕ್ಕಿಗಳು ಏಳುವುದರೊಳಗೆ ಮುಗಿಸುತ್ತೇನೆ. ಫ್ಯಾನು, ಫ್ರಿಜ್ಜು ಎರಡನ್ನೂ ಆರಿಸುತ್ತೇನೆ. ಫ್ರಿಜ್ ಮತ್ತೆ ಹಾಕಲು ಮರೆಯಬಾರದೆಂದು ಗಾಡಿಯ ಕೀಲಿಯನ್ನು ಅದರೊಳಗೇ ಇಡುತ್ತೇನೆ.

ಗುಂಯ್‌ಗುಡುವುದಕ್ಕೆ ಕಾರಣ ನಿಮ್ಮ ಕೋಣೆಯ ಅಳತೆ. ಎದುರುಬದುರು ಗೋಡೆಗಳ ನಡುವೆ ಹತ್ತಡಿ ಇದ್ದರೆ ಸುಮಾರು 56 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 56 ಸಲ ಕಂಪಿಸುವ, ಅಲೆ ಅಲ್ಲಿ ಸರಿಯಾಗಿ ಹೊಂದಿ ಕೂತು ಮೊರೆಯುತ್ತದೆ, ಅದರ ದುಪ್ಪಟ್ಟಾದ 112 ಕೂಡ. ಉದ್ದ ಅಗಲ ಒಂದೇ ಆದ್ದರಿಂದ ಎರಡೂ ಕಡೆಯಿಂದ ಅದೇ ಸ್ವರ ಉಬ್ಬುತ್ತದೆ. ಚಾವಣಿಯೂ ಹತ್ತಡಿಯಿದ್ದರೆ ಮೂರೂ ಕಡೆಯಿಂದ. ತಬಲಾದವರನ್ನು ಕೋಣೆಯ ನಟ್ಟನಡುವೆಯೂ ಮೂಲೆಯಲ್ಲೂ ಕೂರಿಸಬೇಡಿ. ಒಂದು ಗೋಡೆಯಿಂದ ಮೂರೂವರೆ ಅಡಿ, ಇನ್ನೊಂದರಿಂದ ನಾಲ್ಕಡಿ, ಹೀಗೆ ಅಳತೆ ಬೇರೆಬೇರೆ ಆಗಲಿ. ಮೂಲೆಗಳಲ್ಲಿ ನೆಲದಿಂದ ಎದೆಯೆತ್ತರಕ್ಕೆ ಹತ್ತಿ ಗಾದಿಗಳನ್ನು ಸುತ್ತಿ ನಿಲ್ಲಿಸಿ. ಮಂದ್ರಕ್ಕೆ ದಪ್ಪವೇ ಬೇಕು. ನೆಲಕ್ಕೆ ಜಮಖಾನೆ ಹಾಸಿ, ವಾದಕರ ಬೆನ್ನ ಹಿಂದೆ ಗೋಡೆಗೆ ಅಂಟದಂತೆ ಒಂದು ಗೇಣು ಬಿಟ್ಟು ಎರಡು ಕೌದಿ ತೂಗುಹಾಕಿ. ನಮ್ಮ ಅಜ್ಜಿ ಹೊಲಿದ, ಏಳೆಂಟು ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿದ ಕೌದಿ ನನ್ನ ಕೋಣೆಯಲ್ಲಿ ಇಂದಿಗೂ ಆ ಕೆಲಸ ಮಾಡುತ್ತಿದೆ. ತಬಲಾದ ಅಂಚಿನ, ಅಂದರೆ ಚಾಟಿಯ, ‘ನಾ’ ಅದರ ಮುಂದೆ ಎಷ್ಟು ಸ್ವಚ್ಛ ಕೇಳುತ್ತದೆ ಗೊತ್ತೆ! ಅಂಗಡಿಯ ತೆಳು ಫೋಮಿಗಿಂತ ಎಷ್ಟೋ ಮೇಲು.

ಪ್ರಶ್ನೆ: ನಮ್ಮ ಮನೆಯ ಜಗಲಿಯಲ್ಲಿ ಬಡಗುತಿಟ್ಟು ಯಕ್ಷಗಾನದ ಹಿಮ್ಮೇಳ ರೆಕಾರ್ಡ್ ಮಾಡಬೇಕೆಂದಿದ್ದೇವೆ. ಭಾಗವತರು, ಮದ್ದಳೆ, ಚಂಡೆ. ಒಮ್ಮೆ ಪ್ರಯತ್ನಿಸಿದೆವು, ಎಲ್ಲ ಮೈಕಿನಲ್ಲೂ ಚಂಡೆಯೇ ಕೇಳುತ್ತದೆ. ಒಬ್ಬೊಬ್ಬರದನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ ಸೇರಿಸಿದರೆ ಆಗದೇ? — ಓದುಗ, ಹೊನ್ನಾವರ

ದಯವಿಟ್ಟು ಬೇರೆ ಬೇರೆ ಮಾಡಬೇಡಿ. ಭಾಗವತರ ಉಸಿರು ನೋಡಿ ಮದ್ದಳೆಯವರು ಬಿಡ್ತಿಗೆ ಎಂಬ ಪೆಟ್ಟುಗಳ ವರಸೆ ನುಡಿಸುತ್ತಾರೆ, ಮದ್ದಳೆಯ ಕೈ ನೋಡಿ ಚಂಡೆ ಏರುತ್ತದೆ. ಪದ್ಯದ ನಡುವೆ ಕಾಲ ಸರಿಯುತ್ತದೆ. ಬೇರೆ ಬೇರೆ ನುಡಿಸುವಾಗ ಕಿವಿಯಲ್ಲಿ ಲಯ ಎಣಿಸುವ ಮೆಟ್ರೊನೋಮ್ ಟಿಕ್ ಟಿಕ್ ಎನ್ನುತ್ತಿದ್ದರೆ ಇದೊಂದೂ ಆಗುವುದಿಲ್ಲ. ಚಂಡೆ ಎಲ್ಲ ಮೈಕಿನಲ್ಲೂ ಸ್ವಲ್ಪ ಕೇಳಲಿ. ಜಗಲಿಯಲ್ಲಿ ಕೂತವರಿಗೂ ಹಾಗೆಯೇ ಕೇಳುತ್ತದೆ. ಎಷ್ಟು ಕೇಳಬೇಕೆಂಬುದನ್ನು ನೀವು ದೂರದಿಂದ ನಿರ್ಧರಿಸಬೇಕು.

ಇದು ಹಳೆಯ ವಿದ್ಯೆ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದಾಗ ವಿದ್ಯುತ್ ಮೈಕ್ ಎಂಬುದೇ ರೆಕಾರ್ಡಿಂಗಿಗೆ ಬಂದಿರಲಿಲ್ಲ. ಒಂದು ದೊಡ್ಡ ತುತ್ತೂರಿ, ಅದರ ತುದಿಯಲ್ಲಿ ಪೊರೆ, ಪೊರೆಗೆ ಸೂಜಿ, ಸೂಜಿಯ ಕೆಳಗೆ ಮೇಣದ ತಟ್ಟೆ. ಹಾಡುವವರು ತುತ್ತೂರಿಯ ಬಾಯಿಗೆ ಮುಖವಿಡಬೇಕು, ಪಕ್ಕವಾದ್ಯದವರು ತಮ್ಮ ಸದ್ದಿಗೆ ತಕ್ಕಂತೆ ಹಿಂದೆ ಸರಿದು ಕೂರಬೇಕು. ಯಾರು ಎಷ್ಟು ಅಡಿ ಹಿಂದೆ ಎಂಬುದೇ ಅವತ್ತಿನ ಮಿಕ್ಸಿಂಗ್. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಆಸ್ಥಾನ ಕಲಾವಿದೆಯಾಗಿ ನಮ್ಮ ಮೈಸೂರಿಗೇ ಬಂದು, 1930ರಲ್ಲಿ ಅಲ್ಲೇ ತೀರಿಕೊಂಡರು. ಅವರ ತಟ್ಟೆಗಳನ್ನು ಕೇಳುವಾಗಲೆಲ್ಲ ನನಗೆ ಆ ಕೋಣೆಯಲ್ಲಿ ಪಕ್ಕವಾದ್ಯದವರನ್ನು ಒಂದೊಂದೇ ಹೆಜ್ಜೆ ಹಿಂದೆ ಸರಿಸಿದವನ ನೆನಪಾಗುತ್ತದೆ. ನೀವೂ ಅದನ್ನೇ ಮಾಡಿ.

ಮೊದಲು ಒಂದೇ ಮೈಕ್. ಭಾಗವತರಿಂದ ಎರಡೂವರೆ ಅಡಿ, ಮದ್ದಳೆ ನಾಲ್ಕಡಿ, ಚಂಡೆ ಹನ್ನೆರಡು ಅಡಿ, ಬೇಕಾದರೆ ಜಗಲಿಯಿಂದ ಅಂಗಳಕ್ಕೆ ಇಳಿಸಿ. ಬಯಲಿನಲ್ಲಿ ದೂರ ದುಪ್ಪಟ್ಟಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ. ಜಗಲಿಯ ಗೋಡೆಯಿಂದಾಗಿ ನಿಮ್ಮಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಇಳಿಯಬಹುದು. ಅರ್ಧ ನಿಮಿಷ ರೆಕಾರ್ಡ್ ಮಾಡಿ, ಎಲ್ಲರೂ ಕೂತು ಕೇಳಿ, ಯಾರು ಸರಿಯಬೇಕೋ ಸರಿಯಲಿ. ಐದಾರು ಸಲ ಮಾಡಿದರೆ ಹದ ಸಿಗುತ್ತದೆ. ಚಂಡೆಯವರು ದೂರವಾದರೆ ಭಾಗವತರ ಮುಖ ಕಾಣಬೇಕು ಎಂಬುದೊಂದನ್ನು ಮರೆಯಬೇಡಿ. ಕಣ್ಣಿನ ದಾರಿ ಕಡಿದರೆ ಮೇಳ ಕಡಿಯಿತು.

ಆ ಒಂದು ಮೈಕ್ ಒಪ್ಪಿಗೆಯಾದ ಮೇಲೆ ಭಾಗವತರಿಗೆ ಇನ್ನೊಂದು ಕೊಡಿ, ಬಾಯಿಂದ ಎಂಟು ಇಂಚಿಗೆ. ಕಾರ್ಡಿಯಾಯ್ಡ್ ಮೈಕಿನ ಬೆನ್ನಿಗೆ ಕಿವುಡು, ಆ ಬೆನ್ನು ನೇರ ಚಂಡೆಯ ಕಡೆಗಿರಲಿ. ಮದ್ದಳೆಗೂ ಒಂದು ಇಡುವುದಾದರೆ ಅದು ಭಾಗವತರ ಮೈಕಿನಿಂದ ಕನಿಷ್ಠ ಎರಡಡಿ ದೂರವಿರಲಿ. ಮೈಕಿಗೂ ವಾದ್ಯಕ್ಕೂ ಇರುವ ದೂರದ ಮೂರು ಪಟ್ಟು ಮೈಕು-ಮೈಕುಗಳ ನಡುವೆ ಇರಬೇಕೆಂಬುದು ಎಲ್ಲ ಕಡೆ ನಡೆಯುವ ಲೆಕ್ಕ. ಇದಕ್ಕಿಂತ ಹತ್ತಿರ ಇಟ್ಟರೆ ಒಂದೇ ಸದ್ದು ಎರಡು ಮೈಕಿಗೆ ಹಿಂದುಮುಂದಾಗಿ ಮುಟ್ಟಿ, ಸೇರಿಸಿದಾಗ ಒಂದನ್ನೊಂದು ಕೊರೆಯುತ್ತದೆ. ಸದ್ದಿಗೆ ಒಂದಡಿ ದಾಟಲು ಸುಮಾರು 0.9 ಮಿಲಿಸೆಕೆಂಡು ಬೇಕು. ಅಷ್ಟೇ ವ್ಯತ್ಯಾಸಕ್ಕೆ 560 ಹರ್ಟ್ಸ್ ಸುತ್ತ ಸ್ವರ ಟೊಳ್ಳಾಗುತ್ತದೆ, ಭಾಗವತರ ಕಂಠದ ತಿರುಳೇ ಅಲ್ಲಿರುವುದು. ‘ಯಾಕೋ ಮೂಗಿನಲ್ಲಿ ಹಾಡಿದ ಹಾಗಿದೆ’ ಎಂದು ಯಾರಾದರೂ ಅಂದರೆ ಮೊದಲು ಇದನ್ನು ನೋಡಿ.

ಕರಾವಳಿಯವರು ನೀವು. ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್ ತೇವ ಹಿಡಿದು ಪಟಪಟ ಸದ್ದು ಮಾಡುತ್ತದೆ. ಕೆಲಸ ಮುಗಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ. ಚಂಡೆಗೆ ಡೈನಮಿಕ್ ಮೈಕೇ ವಾಸಿ. 1965ರಿಂದ ಬರುತ್ತಿರುವ ಶೂರ್ ಎಸ್‌ಎಂ 57 ಥರದ್ದು ಏಟನ್ನೂ ತಾಳುತ್ತದೆ, ಹವೆಯನ್ನೂ ತಾಳುತ್ತದೆ.

ಪ್ರಶ್ನೆ: ತಂಗಿ ಬಿಳಿ ಐದರ ಶ್ರುತಿಯಲ್ಲಿ (ಹಾರ್ಮೋನಿಯಮ್ಮಿನ ಐದನೇ ಬಿಳಿ ಮನೆ) ಹಾಡುತ್ತಾಳೆ, ನಾನು ಮೃದಂಗ. ಮಿಕ್ಸ್ ಮಾಡುವಾಗ 200ರಿಂದ 300 ಹರ್ಟ್ಸ್ ‘ಕೆಸರು’, ಅದನ್ನು ತೆಗೆದರೆ ತಿಳಿಯಾಗುತ್ತದೆ ಎಂದು ವಿಡಿಯೋ ಒಂದರಲ್ಲಿ ನೋಡಿ ಎಲ್ಲ ಟ್ರ್ಯಾಕಿನಲ್ಲೂ ತೆಗೆದೆ. ಈಗ ತಂಗಿಯ ದನಿ ತೆಳ್ಳಗಾಗಿದೆ, ಮೃದಂಗ ಡಬರಿ ಬಡಿದ ಹಾಗಿದೆ. — ಓದುಗ, ಶಿವಮೊಗ್ಗ

ಈ ಪತ್ರ ಓದಿ ನನಗೆ ಸಂಕಟವಾಯಿತು, ಯಾಕೆಂದರೆ ಇದೇ ತಪ್ಪನ್ನು ಎಷ್ಟೋ ಒಳ್ಳೆಯ ಹುಡುಗರು ಮಾಡುತ್ತಿದ್ದಾರೆ. ಬಿಳಿ ಐದರ ಮಧ್ಯ ಷಡ್ಜ ಸುಮಾರು 196 ಹರ್ಟ್ಸ್. ಚತುಶ್ರುತಿ ರಿಷಭ 220, ಅಂತರ ಗಾಂಧಾರ 247ರ ಹತ್ತಿರ, ಶುದ್ಧ ಮಧ್ಯಮ 261, ಪಂಚಮ 294. ನೀವು ಕೆಸರೆಂದು ತೆಗೆದದ್ದು ತಂಗಿಯ ಷಡ್ಜದಿಂದ ಪಂಚಮದವರೆಗಿನ ಬುನಾದಿ! ಆ ವಿಡಿಯೋದವರು ಗಿಟಾರು, ಡ್ರಮ್ಮು, ಬೇಸು, ಕೀಬೋರ್ಡು ಎಲ್ಲ ಒಂದೇ ಜಾಗದಲ್ಲಿ ತುಂಬಿಕೊಂಡ ಹಾಡಿನ ಬಗ್ಗೆ ಹೇಳಿದ್ದಿರಬೇಕು. ಅವರಿಗೆ ಅದು ಸರಿ. ನಿಮ್ಮಲ್ಲಿ ಒಂದು ದನಿ, ಒಂದು ತಂಬೂರಿ, ಒಂದು ಮೃದಂಗ ಇವೆ, ಮೂರೂ ಒಂದೇ ಷಡ್ಜಕ್ಕೆ ಸೇರಿವೆ.

ಮೃದಂಗ ಬರೀ ಬಡಿತದ ವಾದ್ಯವಲ್ಲ ಎಂಬುದು ನಿಮಗೆ ಗೊತ್ತು, ಆದರೆ ಮಿಕ್ಸ್ ಮಾಡಲು ಕೂತಾಗ ಮರೆತುಬಿಡುತ್ತೀರಿ. ಸಾಮಾನ್ಯ ಚರ್ಮವಾದ್ಯದಲ್ಲಿ ಮೂಲ ಸ್ವರದ ಜೊತೆಗೆ ಏಳುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆ ಎಂಬ ಕಪ್ಪು ಲೇಪ ಹಾಕಿದ ಮೃದಂಗದ ಮುಚ್ಚಿಗೆಯಲ್ಲಿ ಅವು ತಂತಿವಾದ್ಯದಂತೆ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತವೆ. ಸರ್ ಸಿ. ವಿ. ರಾಮನ್ 1920ರಲ್ಲೇ ಇದನ್ನು ತೋರಿಸಿಕೊಟ್ಟರು. ಅದಕ್ಕೇ ಮೃದಂಗಕ್ಕೆ ಶ್ರುತಿ. ಬೇಕಾದ ಹರ್ಟ್ಸ್ ಮಟ್ಟವನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಜರನ್ನು ಸಿಕ್ಕಸಿಕ್ಕಲ್ಲಿ ಇಳಿಸಿದರೆ ಆ ಹೊಂದಿಕೆ ಹರಿದು ಹೋಗಿ ಡಬರಿಯೇ ಉಳಿಯುತ್ತದೆ.

ಎಲ್ಲವನ್ನೂ ಅಳಿಸಿ ಮೊದಲಿನಿಂದ ಮಾಡಿ. ಈಕ್ವಲೈಜರ್ ಮುಟ್ಟದೆ, ಒಂದೇ ಸ್ಪೀಕರಿನಲ್ಲಿ ಕೇಳುತ್ತ, ಬರೀ ಫೇಡರುಗಳಿಂದ ಮೂರರ ಮಟ್ಟ ಕೂಡಿಸಿ. ತಂಬೂರಿ ನಿಲ್ಲಿಸಿದಾಗ ಮಾತ್ರ ‘ಅಯ್ಯೋ ಏನೋ ಹೋಯಿತು’ ಎನಿಸಬೇಕು, ಅಷ್ಟೇ ಇರಲಿ ಅದರ ಮಟ್ಟ. ಮೃದಂಗಕ್ಕೆ ಎರಡು ಮೈಕ್ ಇಟ್ಟಿದ್ದರೆ ಎಡದ ಟ್ರ್ಯಾಕಿನಲ್ಲಿ ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಗುಂಡಿಯನ್ನು ಒತ್ತಿ, ಬಿಟ್ಟು, ಎರಡನ್ನೂ ಕೇಳಿ. ಯಾವುದರಲ್ಲಿ ತೊಪ್ಪಿ, ಅಂದರೆ ಎಡ ಮುಖ, ತುಂಬಿ ಕೇಳುತ್ತದೋ ಅದನ್ನು ಇಟ್ಟುಕೊಳ್ಳಿ. ತಂಗಿಯ ಟ್ರ್ಯಾಕಿನಲ್ಲಿ 100 ಹರ್ಟ್ಸ್ ಕೆಳಗೆ ಕತ್ತರಿಸಿದರೆ ತೊಂದರೆಯಿಲ್ಲ, ಅವಳ ಮಂದ್ರ ಪಂಚಮವೇ 147ರಲ್ಲಿದೆ. ಮೃದಂಗದಲ್ಲಿ ಆ ಕತ್ತರಿ ಬೇಡ. ರವೆ ಹಚ್ಚಿದ ತೊಪ್ಪಿಯ ಮೇಲೆ ಅಂಗೈ ಒತ್ತಿ ಜಾರಿಸುವ ಗುಮ್ಕಿಯೆಲ್ಲ ಕೆಳಗೇ ಇದೆ. ಜೋರಿನ ಸದ್ದನ್ನು ತಗ್ಗಿಸುವ ಕಂಪ್ರೆಸರ್ ಹಾಕಲೇಬೇಕೆಂದಿದ್ದರೆ ಎರಡಕ್ಕೊಂದರ ಅನುಪಾತ, ಅಟ್ಯಾಕ್ (ಅದು ಹಿಡಿಯಲು ತೆಗೆದುಕೊಳ್ಳುವ ಹೊತ್ತು) 30 ಮಿಲಿಸೆಕೆಂಡು, ಅದೂ ಅತಿ ಜೋರಿನ ಏಟುಗಳಿಗೆ ಮಾತ್ರ ತಾಗುವಂತೆ. ಕೋಣೆಯ ಮಾರ್ದನಿ ಸೇರಿಸುವ ರಿವರ್ಬ್ ಕೊನೆಗೆ. ಇದೆ ಎಂದು ಗೊತ್ತಾಗುವಷ್ಟು ಏರಿಸಿ, ಅಲ್ಲಿಂದ ಒಂದಿಷ್ಟು ಇಳಿಸಿ.

ಇಷ್ಟಾದ ಮೇಲೂ ಎಲ್ಲಾದರೂ ಒರಟೆನಿಸಿದರೆ, ಆಗ ಈಕ್ವಲೈಜರ್ ತೆರೆಯಿರಿ. ಶ್ರುತಿಯ ಲೆಕ್ಕ ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಂಡು.

ಪ್ರಶ್ನೆ: ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದರೆ ರೆಕಾರ್ಡಿಂಗಿನಲ್ಲಿ ಗುಂಯ್ ಎಂಬ ಸದ್ದು, ತೆಗೆದರೆ ಇಲ್ಲ. ಪ್ಲಗ್ಗಿನ ದಪ್ಪ ಪಿನ್ ಮುರಿದರೆ ಸರಿಹೋಗುತ್ತದೆ ಎಂದು ಗೆಳೆಯ ಹೇಳಿದ. — ಓದುಗ, ವಿಜಯಪುರ

ಮುರಿಯಬೇಡಿ. ಅದು ಅರ್ಥಿಂಗ್ ಪಿನ್, ಜೀವ ಕಾಯುವುದು. ನಮ್ಮ ಕರೆಂಟು 50 ಹರ್ಟ್ಸ್, ಆ ಗುಂಯ್ ಅದರದ್ದು ಮತ್ತು ಅದರ ದುಪ್ಪಟ್ಟಿನದು. ಲ್ಯಾಪ್‌ಟಾಪ್, ಇಂಟರ್‌ಫೇಸ್, ಸ್ಪೀಕರು ಎಲ್ಲವನ್ನೂ ಅರ್ಥಿಂಗ್ ಸರಿಯಿರುವ ಒಂದೇ ಸಾಕೆಟ್ಟಿನ ಒಂದೇ ಬೋರ್ಡಿಗೆ ಸೇರಿಸಿ. ಮೈಕಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತಂತಿಯನ್ನೇ ಬಳಸಿ, ಅದು ಕರೆಂಟಿನ ತಂತಿಯ ಜೊತೆಜೊತೆಗೆ ಹರಿಯದಿರಲಿ. ಮನೆಯ ಅರ್ಥಿಂಗನ್ನೊಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಅಲ್ಲಿಯವರೆಗೆ ಬ್ಯಾಟರಿ ತುಂಬಿಸಿಕೊಂಡು ಚಾರ್ಜರ್ ತೆಗೆದು ರೆಕಾರ್ಡ್ ಮಾಡಿ.

ಪ್ರಶ್ನೆ: ನಾನು ಟೊರಾಂಟೊದಲ್ಲಿದ್ದೇನೆ, ಅಕ್ಕ ಮಂಡ್ಯದಲ್ಲಿ. ಅವಳು ಬಿಳಿ ಮೂರಕ್ಕೆ ವೀಣೆ ನುಡಿಸಿ ಕಳಿಸುತ್ತಾಳೆ, ನಾನು ಅದಕ್ಕೆ ಕೊಳಲು ಸೇರಿಸಬೇಕು. ಅವಳ ಫೈಲನ್ನು ನನ್ನ ಕಂಪ್ಯೂಟರಿಗೆ ಹಾಕಿದರೆ ಶ್ರುತಿ ಏರಿರುತ್ತದೆ, ಬಿಳಿ ನಾಲ್ಕೂ ಅಲ್ಲ, ಕಪ್ಪು ಮೂರೂ ಅಲ್ಲ. ಅವಳು ಹತ್ತು ನಿಮಿಷ ನುಡಿಸಿದ್ದು ಇಲ್ಲಿ 9 ನಿಮಿಷ 11 ಸೆಕೆಂಡಿಗೆ ಮುಗಿಯುತ್ತದೆ. ಅವಳ ವೀಣೆಯದೇ ದೋಷವೆಂದು ನಾವಿಬ್ಬರೂ ಸಾಕಷ್ಟು ಜಗಳವಾಡಿದ್ದೇವೆ. — ಓದುಗರು, ಟೊರಾಂಟೊ

ಆ 11 ಸೆಕೆಂಡು ಬರೆದು ಕಳಿಸಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಉತ್ತರ ಅದರಲ್ಲೇ ಇದೆ. ಹತ್ತು ನಿಮಿಷವನ್ನು 44.1ರಿಂದ ಗುಣಿಸಿ 48ರಿಂದ ಭಾಗಿಸಿ: 9 ನಿಮಿಷ 11 ಸೆಕೆಂಡು. ಅಕ್ಕ ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ, ಅಂದರೆ ಸದ್ದನ್ನು ಸೆಕೆಂಡಿಗೆ ಅಷ್ಟು ಸಲ ಅಳೆದು, ರೆಕಾರ್ಡ್ ಮಾಡಿದ್ದಾರೆ, ನಿಮ್ಮ ಕಡೆ ಅದನ್ನು 48,000 ದರದಲ್ಲಿ ಓಡಿಸಲಾಗುತ್ತಿದೆ. ಗ್ರಾಮಫೋನ್ ತಟ್ಟೆಯನ್ನು ವೇಗವಾಗಿ ತಿರುಗಿಸಿದ ಹಾಗೆ ಕಾಲವೂ ಓಡುತ್ತದೆ, ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಬಿಳಿ ಮೂರರಿಂದ ಒಂದೂವರೆ ಸ್ಥಾನ ಮೇಲೆಂದರೆ ಬಿಳಿ ನಾಲ್ಕಕ್ಕೂ ಕಪ್ಪು ಮೂರಕ್ಕೂ ನಡುವೆ. ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ.

ನಿಮ್ಮ ತಂತ್ರಾಂಶದಲ್ಲಿ ಪ್ರಾಜೆಕ್ಟಿನ ದರವನ್ನೂ ಇಂಟರ್‌ಫೇಸಿನ ದರವನ್ನೂ 44.1 ಕಿಲೋಹರ್ಟ್ಸ್ ಮಾಡಿ ಅಕ್ಕನ ಫೈಲನ್ನು ಹೊಸದಾಗಿ ಸೇರಿಸಿ. ಮುಂದಿನ ಸಲದಿಂದ ಇಬ್ಬರೂ 48ಕ್ಕೆ ಇಟ್ಟುಕೊಳ್ಳಿ. ಅಕ್ಕ ಶುರುವಿನಲ್ಲಿ ಒಂದು ಆವರ್ತ ಆದಿತಾಳವನ್ನು ಕೈಯಲ್ಲಿ ತಟ್ಟಿ ಆಮೇಲೆ ನುಡಿಸಲಿ. ಆ ಚಪ್ಪಾಳೆಯ ಮೇಲೆ ನಿಮ್ಮ ಚಪ್ಪಾಳೆ ಕೂರಿಸಿದರೆ ಎರಡು ಟ್ರ್ಯಾಕೂ ಸೇರುತ್ತವೆ. ಕೊಳಲಿಗೆ ಮೈಕನ್ನು ಬಾಯಿಯ ಎದುರು ಹಿಡಿಯಬೇಡಿ, ಊದಿದ ಗಾಳಿಯೇ ಬಡಿಯುತ್ತದೆ. ಬೆರಳುಗಳ ಮೇಲೆ, ಒಂದಡಿ ಎತ್ತರದಿಂದ ಕೆಳಗೆ ನೋಡುವಂತಿರಲಿ.

ಅಕ್ಕ ಈವರೆಗೆ ಕಳಿಸಿದ ಯಾವ ಫೈಲನ್ನೂ ಅಳಿಸಬೇಡಿ. ಅವುಗಳಲ್ಲಿ ಕೆಟ್ಟದ್ದು ಏನೂ ಇಲ್ಲ, ದರ ಸರಿಪಡಿಸಿದ ಕೂಡಲೇ ವೀಣೆ ಬಿಳಿ ಮೂರಕ್ಕೆ ಬಂದು ಕೂರುತ್ತದೆ. ಅದನ್ನು ಕೇಳಿಸಿಕೊಂಡ ಮೇಲೆ ಮೊದಲು ಅಕ್ಕನಿಗೊಂದು ಫೋನ್ ಮಾಡಿ.